ಮೂರು ಕಾಯಿಲ್‌ನಲ್ಲೇ ಪುಟ್ಟ ಉಪಗ್ರಹ ನಿಲ್ಲುತ್ತಾ? ದಾರಕ್ಕೆ ತೂಗು ಹಾಕಿದರೆ ನಿಲ್ಲುತ್ತಿಲ್ಲ, ಸಹಾಯ ಮಾಡಿ

ಕಾಯಿಲ್ ಹುಡುಗಿ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಏಳು ಜನ ಸೇರಿ 1ಯು ಕ್ಯೂಬ್‌ಸ್ಯಾಟ್ ಮಾಡುತ್ತಿದ್ದೇವೆ. 10 ಸೆಂ.ಮೀ. ಘನ, ತೂಕ ಒಂದು ಕಿಲೋ. ರಿಯಾಕ್ಷನ್ ವೀಲ್ (ಉಪಗ್ರಹವನ್ನು ತಿರುಗಿಸಲು ಒಳಗೆ ಇಡುವ ಮೋಟಾರ್ ಚಕ್ರ) ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಹಾಗಾಗಿ ಮೂರು ಅಕ್ಷಕ್ಕೆ ಮೂರು ಕಾಯಿಲ್ ಸುತ್ತಿದ್ದೇವೆ. ಒಂದೊಂದೂ 8 ಸೆಂ.ಮೀ. ಚೌಕ, 36 ಗೇಜ್ ವೈಂಡಿಂಗ್ ತಂತಿ, 100 ಸುತ್ತು. ಅಳೆದರೆ 19 ಓಮ್ ಬರುತ್ತದೆ. ಕರೆಂಟ್ 0.1 ಆಂಪಿಯರ್ ಕೊಡುತ್ತೇವೆ.

ಮಾದರಿಯನ್ನು ಲ್ಯಾಬ್ ಸೀಲಿಂಗ್‌ನಿಂದ ಮೀನು ಹಿಡಿಯುವ ನೈಲಾನ್ ದಾರಕ್ಕೆ ತೂಗು ಹಾಕಿದೆವು. ಸೆಕೆಂಡಿಗೆ 10 ಡಿಗ್ರಿ ತಿರುಗುವ ಹಾಗೆ ಮೆಲ್ಲಗೆ ತಳ್ಳಿ ಬಿ-ಡಾಟ್ ಕೋಡ್ ಆನ್ ಮಾಡಿದೆವು. ನಿಲ್ಲಬೇಕಿತ್ತು. ಒಂದೂವರೆ ಸುತ್ತು ತಿರುಗುತ್ತದೆ, ನಿಲ್ಲುತ್ತದೆ, ಆಮೇಲೆ ವಾಪಸ್ ತಿರುಗುತ್ತದೆ. ಕೋಡ್ ಆಫ್ ಮಾಡಿದರೂ ಹೆಚ್ಚು ಕಡಿಮೆ ಅದೇ ಆಟ. ಮೂರು ವಾರ ಆಯ್ತು. ಕಾಯಿಲ್ ಬಲ ಸಾಲದಾ? ಅಥವಾ ಈ ದಾರಿಯೇ ತಪ್ಪಾ?

ವಿಜ್ಞಾನ ಮೇಷ್ಟ್ರು · ಶನಿವಾರ, ರಾತ್ರಿ 10:05

ಹೈಸ್ಕೂಲಿನಲ್ಲಿ ಪಾಠ ಮಾಡುವವನು ನಾನು, ಉಪಗ್ರಹ ಗೊತ್ತಿಲ್ಲ. ಆದರೆ ವಿಷಯ ಬಹಳ ಹಿಡಿಸಿತು. ಬಿ-ಡಾಟ್ ಅಂದರೆ ಏನು ಅಂತ ಯಾರಾದರೂ ಸರಳವಾಗಿ ಹೇಳ್ತೀರಾ? ಮಕ್ಕಳಿಗೆ ಹೇಳಬೇಕು.

ಪೀಣ್ಯದ ಹಳಬ · ಶನಿವಾರ, ರಾತ್ರಿ 11:20

ಮೇಷ್ಟ್ರೇ, ಮೊದಲು ನಿಮಗೆ.

ರಾಕೆಟ್‌ನಿಂದ ಹೊರಬಿದ್ದ ಪುಟ್ಟ ಉಪಗ್ರಹ ಲಂಗುಲಗಾಮಿಲ್ಲದೆ ಉರುಳುತ್ತಿರುತ್ತದೆ. ಅದರ ಒಳಗಿನ ಮ್ಯಾಗ್ನೆಟೋಮೀಟರ್ ಭೂಮಿಯ ಕಾಂತಕ್ಷೇತ್ರ ಅಳೆಯುತ್ತದೆ. ಉಪಗ್ರಹ ಉರುಳಿದಷ್ಟೂ ಆ ಅಳತೆ ಬೇಗ ಬೇಗ ಬದಲಾಗುತ್ತದೆ. ಹೀಗೆ ಬದಲಾಗುವ ವೇಗಕ್ಕೇ ಬಿ-ಡಾಟ್ ಎಂದು ಹೆಸರು. ಕೋಡ್ ಮಾಡುವುದು ಒಂದೇ ಕೆಲಸ. ಅಳತೆ ಯಾವ ಕಡೆಗೆ ಬದಲಾಗುತ್ತಿದೆಯೋ ಅದರ ಎದುರು ದಿಕ್ಕಿಗೆ ಕಾಯಿಲ್ ಅನ್ನು ಆಯಸ್ಕಾಂತ ಮಾಡುವುದು. ಆಗ ಭೂಮಿಯ ಕ್ಷೇತ್ರವೇ ಬ್ರೇಕ್ ಹಿಡಿಯುತ್ತದೆ. ಉಪಗ್ರಹ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ, ಏನೂ ತಿಳಿದಿರಬೇಕಿಲ್ಲ. ಇದರ ಲೆಕ್ಕ 1976ರಲ್ಲೇ ಪ್ರಬಂಧವಾಗಿ ಬಂತು. ಇವತ್ತಿಗೂ ಕ್ಯೂಬ್‌ಸ್ಯಾಟ್ ಮಾಡುವವರು ಮೊದಲು ಬರೆಯುವುದು ಇದೇ ಕೋಡ್.

ಈಗ ಕಾಯಿಲ್ ಹುಡುಗಿಗೆ. ನಿಮ್ಮ ಕಾಯಿಲ್ ಸಾಕಮ್ಮಾ. ಲೆಕ್ಕ ಮಾಡೋಣ. ಸುತ್ತು, ಕರೆಂಟ್, ವಿಸ್ತೀರ್ಣ ಗುಣಿಸಿ. 100 × 0.1 × 0.0064 ಅಂದರೆ 0.064 ಆಂಪಿಯರ್-ಚದರ ಮೀಟರ್. ಮೇಲೆ 500 ಕಿ.ಮೀ. ಎತ್ತರದಲ್ಲಿ ಕ್ಷೇತ್ರ 20ರಿಂದ 50 ಮೈಕ್ರೋಟೆಸ್ಲಾ ಇರುತ್ತದೆ. 30 ಅಂತ ಇಟ್ಟುಕೊಂಡರೆ ತಿರುಗುಬಲ ಸುಮಾರು 2 ಮೈಕ್ರೋನ್ಯೂಟನ್-ಮೀಟರ್.

ಅದು ಎಷ್ಟು ಅಂತ ಕೈಗೆ ಸಿಗಬೇಕಾದರೆ 10 ಸೆಂ.ಮೀ. ಉದ್ದದ ಒಂದು ಕಡ್ಡಿ ತಗೊಳ್ಳಿ. ಒಂದು ತುದಿ ಹಿಡಿದು ಇನ್ನೊಂದು ತುದಿಯಲ್ಲಿ ಒಂದೇ ಒಂದು ಸಾಸಿವೆ ಕಾಳು ಇಡಿ. ಎರಡು ಮಿಲಿಗ್ರಾಂ ತೂಗುವ ಆ ಕಾಳು ಕಡ್ಡಿಯನ್ನು ಎಷ್ಟು ಬಗ್ಗಿಸಲು ನೋಡುತ್ತದೋ, ನಿಮ್ಮ ಕಾಯಿಲ್ ಉಪಗ್ರಹವನ್ನು ಅಷ್ಟೇ ತಿರುಗಿಸುತ್ತದೆ. ಅಷ್ಟು ಸಾಕು. ಗಾಳಿ ಇಲ್ಲದ ಕಡೆ ಒಂದು ಕಿಲೋ ಘನಕ್ಕೆ ಈ ಬಲ ಹಾಕಿದರೆ, ಸೆಕೆಂಡಿಗೆ 10 ಡಿಗ್ರಿ ಸುತ್ತು ಬರೀ ಲೆಕ್ಕದಲ್ಲಿ ಎರಡೂವರೆ ನಿಮಿಷಕ್ಕೆ ನಿಲ್ಲಬೇಕು.

ಇಷ್ಟು ಸಣ್ಣ ಬಲವನ್ನು ನೋಡಲು ಹೊರಟಾಗ ಪರೀಕ್ಷೆಯ ಸಾಮಾನೇ ಅಡ್ಡ ಬರುತ್ತದೆ. ಕೋಡ್ ಆಫ್ ಇದ್ದರೂ ಅದೇ ಆಟ ಅಂದಿರಲ್ಲ, ಅಲ್ಲೇ ಉತ್ತರ ಇದೆ. ದಾರ ಎಷ್ಟು ದಪ್ಪ?

ಕಾಯಿಲ್ ಹುಡುಗಿ · ಭಾನುವಾರ, ಬೆಳಿಗ್ಗೆ 7:15

ಸರ್, 0.3 ಮಿ.ಮೀ. ಉದ್ದ ಎರಡು ಮೀಟರ್.

ಪೀಣ್ಯದ ಹಳಬ · ಭಾನುವಾರ, ಬೆಳಿಗ್ಗೆ 8:02

ಅದೇ ಕಳ್ಳ. ಆ ನೈಲಾನ್ ಒಂದು ಸುತ್ತು ತಿರುಚಿಕೊಂಡರೆ ಎರಡು ಎರಡೂವರೆ ಮೈಕ್ರೋನ್ಯೂಟನ್-ಮೀಟರ್ ಬಲದಲ್ಲಿ ವಾಪಸ್ ತಿರುಗಿಸುತ್ತದೆ. ನಿಮ್ಮ ಕಾಯಿಲ್‌ನಷ್ಟೇ! ನೀವು ಮೂರು ವಾರ ನೋಡಿದ್ದು ದಾರದ ಬಲ, ಕಾಯಿಲ್‌ನದ್ದಲ್ಲ. ಒಂದೇ ದಪ್ಪ ಎಳೆ ಬೇಡ. ತುಂಬಾ ಸಣ್ಣ ಎಳೆಗಳ ಕಟ್ಟು ಬೇಕು. ದಪ್ಪ ಅರ್ಧ ಆದರೆ ತಿರುಚುವ ಬಲ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ.

ರೇಷ್ಮೆ ಊರಿನವಳು · ಭಾನುವಾರ, ಬೆಳಿಗ್ಗೆ 9:30

ನಾನು ಶಿಡ್ಲಘಟ್ಟದವಳು, ನಮ್ಮ ಮನೆಯಲ್ಲಿ ನೂಲು ಬಿಚ್ಚಾಣಿಕೆ ಕೆಲಸ. ಹುರಿ ಹಾಕದ ಕಚ್ಚಾ ರೇಷ್ಮೆ ತಗೊಳ್ಳಿ ತಂಗಿ. 20-22 ಡೆನಿಯರ್‌ನ (ಡೆನಿಯರ್ ಅಂದರೆ ನೂಲಿನ ದಪ್ಪದ ಅಳತೆ) ಒಂದು ಎಳೆ ಸುಮಾರು ಎಪ್ಪತ್ತು ಗ್ರಾಂ ತಡೆಯುತ್ತದೆ. ನಲವತ್ತು ಎಳೆ ಒಟ್ಟಿಗೆ ಹಿಡಿದರೆ ನಿಮ್ಮ ಒಂದು ಕಿಲೋಗೆ ಧಾರಾಳ. ಹುರಿ ಹಾಕಿದ ನೂಲು ಮಾತ್ರ ಬೇಡ. ಅದು ತೂಕ ಬಿದ್ದ ಕೂಡಲೇ ತಾನೇ ಬಿಚ್ಚಿಕೊಳ್ಳಲು ತಿರುಗುತ್ತದೆ. ತೂಗು ಹಾಕಿ ಒಂದು ರಾತ್ರಿ ಸುಮ್ನೆ ಬಿಡಿ, ಎಳೆ ಸಮ ಆಗುತ್ತದೆ. ವಿಳಾಸ ಖಾಸಗಿಯಾಗಿ ಕಳಿಸಿ, ಒಂದು ಲಡಿ ನಾನೇ ಕೊರಿಯರ್ ಮಾಡುತ್ತೇನೆ.

ಕೋಡ್ ಗುಬ್ಬಚ್ಚಿ · ಭಾನುವಾರ, ಮಧ್ಯಾಹ್ನ 12:10

ದಾರ ಸರಿ. ಜೊತೆಗೆ ಕಾಯಿಲ್ 300 ಸುತ್ತು ಮಾಡಿಬಿಡಿ, ಬಲ ಮೂರು ಪಟ್ಟು ಸಿಗುತ್ತೆ ಅಲ್ವಾ?

ಪೀಣ್ಯದ ಹಳಬ · ಭಾನುವಾರ, ಮಧ್ಯಾಹ್ನ 12:45

ಇದರಲ್ಲಿ ಬಹಳ ಜನ ಎಡವುತ್ತಾರೆ. ಅದೇ ತಂತಿ, ಅದೇ ವೋಲ್ಟೇಜ್ ಇಟ್ಟು ಸುತ್ತು ಮೂರು ಪಟ್ಟು ಮಾಡಿದರೆ ರೆಸಿಸ್ಟೆನ್ಸ್ ಕೂಡ ಮೂರು ಪಟ್ಟು ಆಗುತ್ತದೆ. ಕರೆಂಟ್ ಮೂರನೇ ಒಂದಕ್ಕೆ ಇಳಿಯುತ್ತದೆ. ಸುತ್ತು × ಕರೆಂಟ್ ಎಷ್ಟಿತ್ತೋ ಅಷ್ಟೇ. ಬಲ ಒಂದು ಚೂರೂ ಜಾಸ್ತಿ ಆಗಲ್ಲ. ಲಾಭ ಬೇರೆ ಕಡೆ ಇದೆ. ಬ್ಯಾಟರಿ ಖರ್ಚು ಮೂರನೇ ಒಂದಾಗುತ್ತದೆ. ನಷ್ಟ ತೂಕದಲ್ಲಿ, 9 ಗ್ರಾಂ ಇದ್ದದ್ದು 27 ಆಗುತ್ತದೆ. ಬಲವೇ ಬೇಕಿದ್ದರೆ ದಪ್ಪ ತಂತಿ ಹಾಕಬೇಕು ಅಥವಾ ಕಾಯಿಲ್ ಅಗಲ ಮಾಡಬೇಕು.

ಕೋಡ್ ಗುಬ್ಬಚ್ಚಿ · ಭಾನುವಾರ, ಮಧ್ಯಾಹ್ನ 12:58

ಕಾಗದದ ಮೇಲೆ ಬರೆದು ನೋಡಿದೆ ಸರ್. ಸುತ್ತಿನ ಸಂಖ್ಯೆ ಪೂರ್ತಿ ಹೊಡೆದುಹೋಗುತ್ತದೆ. ಧನ್ಯವಾದ.

ವಿಜ್ಞಾನ ಮೇಷ್ಟ್ರು · ಭಾನುವಾರ, ಸಂಜೆ 5:20

ನನಗೊಂದು ಸಂಶಯ. ಇಷ್ಟೆಲ್ಲ ಯಾಕೆ? ಒಳಗೊಂದು ಕಾಯಂ ಆಯಸ್ಕಾಂತ ಇಟ್ಟರೆ ದಿಕ್ಸೂಚಿಯ ಮುಳ್ಳಿನ ಹಾಗೆ ತಾನೇ ನಿಲ್ಲುವುದಿಲ್ವಾ?

ಜರ್ಮನಿ ಕನ್ನಡಿಗ · ಭಾನುವಾರ, ರಾತ್ರಿ 8:40

ನಿಲ್ಲುತ್ತದೆ ಮೇಷ್ಟ್ರೇ, ಮಾಡಿಯೂ ಇದ್ದಾರೆ. ಪುಣೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ‘ಸ್ವಯಂ’ 2016ರ ಜೂನ್ 22ರಂದು ಪಿ.ಎಸ್.ಎಲ್.ವಿ.-ಸಿ34ರಲ್ಲಿ ಹೋಯಿತು. ಒಂದು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ. ಅದರೊಳಗೆ ಆಯಸ್ಕಾಂತ ಮತ್ತು ಹಿಸ್ಟೆರಿಸಿಸ್ ಕಡ್ಡಿಗಳಿದ್ದವು. ಬರೀ ಆಯಸ್ಕಾಂತ ಇಟ್ಟರೆ ಲೋಲಕದ ಹಾಗೆ ಆಚೀಚೆ ತೂಗುತ್ತಲೇ ಇರುತ್ತದೆ. ತಡೆಯಲು ಗಾಳಿ ಇಲ್ಲವಲ್ಲ. ಮೆದು ಕಾಂತಲೋಹದ ಕಡ್ಡಿಗಳು ಪ್ರತಿ ತೂಗಾಟದಲ್ಲೂ ಒಂದು ಚೂರು ಶಕ್ತಿಯನ್ನು ಬಿಸಿ ಮಾಡಿ ಕಳೆಯುತ್ತವೆ. ಹೀಗೆ ಕೆಲವು ದಿನದಲ್ಲಿ ಶಾಂತ ಆಗುತ್ತದೆ. ಬ್ಯಾಟರಿ ಖರ್ಚು ಸೊನ್ನೆ, ಕೋಡ್ ಸೊನ್ನೆ.

ಆದರೆ ಅದು ಕ್ಷೇತ್ರದ ಹಿಂದೆ ಹೋಗುತ್ತದೆ, ನೀವು ಹೇಳಿದ ಕಡೆ ಮುಖ ಮಾಡಲ್ಲ. ಧ್ರುವದ ಮೇಲೆ ಹಾಯುವ ಕಕ್ಷೆಯಲ್ಲಿ ಒಂದು ಪ್ರದಕ್ಷಿಣೆಗೆ ಎರಡು ಸಲ ಲಾಗ ಹಾಕುತ್ತದೆ. ರೇಡಿಯೋ ಸಂದೇಶಕ್ಕೆ ಸಾಕು. ಭೂಮಿಯ ಚಿತ್ರ ತೆಗೆಯಬೇಕಾದರೆ ಸಾಲದು.

ಚಿತ್ರ ತೆಗೆಯಬೇಕು ಅಂದರೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಪಿ.ಇ.ಎಸ್. ವಿಶ್ವವಿದ್ಯಾಲಯದ ಪೈಸ್ಯಾಟ್, 5.25 ಕಿಲೋ, ಕ್ಯಾಮೆರಾ ಇತ್ತು. ಮೂರು ಅಕ್ಷದಲ್ಲೂ ಹಿಡಿದು ನಿಲ್ಲಿಸುವ ಕೆಲಸಕ್ಕೆ ಮ್ಯಾಗ್ನೆಟಿಕ್ ಟಾರ್ಕರ್, ಅಂದರೆ ನಿಮ್ಮ ಕಾಯಿಲ್‌ನಂಥದ್ದೇ. 2016ರ ಸೆಪ್ಟೆಂಬರ್ 26ರ ಪಿ.ಎಸ್.ಎಲ್.ವಿ.-ಸಿ35ರಲ್ಲಿ ಹೋಯಿತು. ಅದೇ ರಾಕೆಟ್‌ನಲ್ಲಿ ಹೋದ ಐ.ಐ.ಟಿ. ಬಾಂಬೆಯ ‘ಪ್ರಥಮ್’ ಕೂಡ ಮ್ಯಾಗ್ನೆಟಿಕ್ ಟಾರ್ಕರ್ ನಂಬಿದ್ದೇ. ಹಾಗಾಗಿ ದಾರಿ ತಪ್ಪಾ ಎಂಬ ಪ್ರಶ್ನೆ ಬಿಟ್ಟುಬಿಡಿ ತಂಗಿ. ನಿಮ್ಮ ಕನ್ನಡ ನೆಲದಲ್ಲೇ ನಡೆದ ದಾರಿ ಇದು.

ಕಾಯಿಲ್ ಹುಡುಗಿ · ಭಾನುವಾರ, ರಾತ್ರಿ 9:15

ಇದನ್ನು ಓದಿ ನಮ್ಮ ಗುಂಪಿಗೆಲ್ಲ ಕಳಿಸಿದೆ ಅಣ್ಣ. ಇನ್ನೊಂದು ಪ್ರಶ್ನೆ. ತೂಗು ಪರೀಕ್ಷೆಗೆ ಹೆಲ್ಮ್‌ಹೋಲ್ಟ್ಸ್ ಪಂಜರ (ನಡುವೆ ಬೇಕಾದ ಕಾಂತಕ್ಷೇತ್ರ ಕೊಡುವ ದೊಡ್ಡ ಕಾಯಿಲ್ ಜೋಡಿಗಳ ಚೌಕಟ್ಟು) ಕಟ್ಟಲೇಬೇಕಾ? ಒಂದು ಮೀಟರ್ ಚೌಕದ ಜೋಡಿಗೆ 25 ಸುತ್ತು, 1 ಆಂಪಿಯರ್ ಕೊಟ್ಟರೆ 41 ಮೈಕ್ರೋಟೆಸ್ಲಾ ಬರುತ್ತದೆ ಅಂತ ಲೆಕ್ಕ ಮಾಡಿದ್ದೇವೆ. ತಂತಿ ಕೊಳ್ಳಲು ಮತ್ತೆ ದುಡ್ಡು.

ಜರ್ಮನಿ ಕನ್ನಡಿಗ · ಭಾನುವಾರ, ರಾತ್ರಿ 9:50

ಲೆಕ್ಕ ಸರಿ ಇದೆ. ಎರಡು ಚೌಕದ ನಡುವೆ ಅಂತರ 54 ಸೆಂ.ಮೀ. ಇಡಿ. ಆದರೆ ಈಗಲೇ ಬೇಡ. ನೀವಿರುವ ಜಾಗದ ಪುಣ್ಯ ನೋಡಿ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ಕಾಂತ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯಲ್ಲೇ ಹಾಯುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೇಂದ್ರ ಮಾಡಿದ್ದೇ ಆ ಕಾರಣಕ್ಕೆ. ಕರ್ನಾಟಕದಲ್ಲಿ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಅದೂ ಹೆಚ್ಚು ಕಡಿಮೆ ನೆಲಕ್ಕೆ ಸಮಾಂತರ. ದಾರಕ್ಕೆ ತೂಗಿದ ಮಾದರಿಗೆ ಬೇಕಾದ್ದು ಆ ಅಡ್ಡ ಕ್ಷೇತ್ರವೇ. ನಾನಿರುವ ಕಡೆ ಕ್ಷೇತ್ರ ನೆಲದೊಳಕ್ಕೆ 65 ಡಿಗ್ರಿ ಬಗ್ಗಿರುತ್ತದೆ. ಅಡ್ಡಕ್ಕೆ ಸಿಗುವುದು 20 ಅಷ್ಟೇ. ನಾವಿಲ್ಲಿ ಪಂಜರ ಕಟ್ಟಿ ತಂದುಕೊಳ್ಳುವುದು ನಿಮಗೆ ಬಿಟ್ಟಿ ಸಿಕ್ಕಿದೆ.

ಒಂದೇ ಎಚ್ಚರ. ಕಬ್ಬಿಣದ ಬೀರು, ಕಿಟಕಿ ಸರಳು, ಸ್ಟೀಲ್ ಮೇಜು ಇರುವ ಲ್ಯಾಬ್‌ನಲ್ಲಿ ಮಾಡಬೇಡಿ. ದಿಕ್ಸೂಚಿ ಹಿಡಿದು ಕೋಣೆಯಲ್ಲಿ ಓಡಾಡಿ. ಎಲ್ಲಿ ಒಂದು ಗೇಣು ಸರಿದರೂ ಮುಳ್ಳು ದಿಕ್ಕು ಬದಲಿಸುತ್ತದೋ ಆ ಜಾಗ ಬಿಡಿ.

ಕಾಯಿಲ್ ಹುಡುಗಿ · ಗುರುವಾರ, ರಾತ್ರಿ 10:30

ರೇಷ್ಮೆ ಬಂತು ಅಕ್ಕಾ, ಬಹಳ ಥ್ಯಾಂಕ್ಸ್! ನಮ್ಮ ಹಳೇ ಗ್ರಂಥಾಲಯದ ಹಜಾರಕ್ಕೆ ಹೋದೆವು. ಮರದ ಮೇಜು, ಮರದ ಕಿಟಕಿ. ನಲವತ್ತು ಎಳೆ ತೂಗು ಹಾಕಿ ಒಂದು ರಾತ್ರಿ ಬಿಟ್ಟೆವು. ಕೋಡ್ ಆಫ್ ಇದ್ದರೆ ಈಗ ಮಾದರಿ ಸುಮ್ಮನೆ ನಿಧಾನ ತಿರುಗುತ್ತಾ ಇರುತ್ತದೆ, ವಾಪಸ್ ಬರುವುದಿಲ್ಲ. ನೋಡಿ ಎಲ್ಲರೂ ಚಪ್ಪಾಳೆ ಹೊಡೆದೆವು.

ಆದರೆ ಕೋಡ್ ಆನ್ ಮಾಡಿದರೆ ಈಗಲೂ ನಿಲ್ಲುತ್ತಿಲ್ಲ. ಜೋರೂ ಆಗುತ್ತಿಲ್ಲ. ತಿರುಗುವ ವೇಗ ಅಳೆಯುವ ಜೈರೋದ ಗ್ರಾಫ್ ನೋಡಿದರೆ ಒಂದು ಸುತ್ತಿನಲ್ಲಿ ಎರಡು ಸಲ ನಿಧಾನ, ಎರಡು ಸಲ ಜೋರು. ಅಲೆಯ ಎತ್ತರ ಅರ್ಧ ಡಿಗ್ರಿ. ಸರಾಸರಿ ಇದ್ದಲ್ಲೇ ಇದೆ.

ಪೀಣ್ಯದ ಹಳಬ · ಗುರುವಾರ, ರಾತ್ರಿ 11:05

ಅಮ್ಮಾ, ಇದು ಚೆನ್ನಾದ ಸುದ್ದಿ. ಆ ಗ್ರಾಫ್ ಸ್ಪಷ್ಟವಾಗಿ ಮಾತಾಡುತ್ತಿದೆ.

ಝಡ್ ಕಾಯಿಲ್‌ನ ಅಕ್ಷ ದಾರದ ಉದ್ದಕ್ಕೇ ಇರುವುದರಿಂದ ತೂಗು ಪರೀಕ್ಷೆಯಲ್ಲಿ ಕೆಲಸ ಮಾಡುವುದು ಎಕ್ಸ್ ಮತ್ತು ವೈ ಕಾಯಿಲ್ ಎರಡೇ. ಎಕ್ಸ್ ಕಾಯಿಲ್ ಉತ್ತರ-ದಕ್ಷಿಣಕ್ಕೆ ಅಡ್ಡ ನಿಂತಾಗ ಅದು ಬ್ರೇಕ್ ಹಿಡಿಯುತ್ತದೆ. ಕಾಲು ಸುತ್ತು ಆದ ಮೇಲೆ ವೈ ಹಿಡಿಯುತ್ತದೆ. ಇಬ್ಬರೂ ಸರಿ ಇದ್ದರೆ ಬ್ರೇಕ್ ಸಮನಾಗಿ ಇರುತ್ತದೆ, ಅಲೆಯೇ ಕಾಣಲ್ಲ. ಇಬ್ಬರೂ ಉಲ್ಟಾ ಇದ್ದರೆ ಮಾದರಿ ಜೋರಾಗುತ್ತಾ ಹೋಗುತ್ತದೆ. ನಿಮ್ಮದರಲ್ಲಿ ಒಬ್ಬ ಬ್ರೇಕ್ ಹಿಡಿಯುತ್ತಿದ್ದಾನೆ, ಇನ್ನೊಬ್ಬ ತಳ್ಳುತ್ತಿದ್ದಾನೆ. ಎರಡೂ ಕಳೆದು ಸೊನ್ನೆ. ಎರಡರಲ್ಲಿ ಒಂದು ಅಕ್ಷದ ಚಿಹ್ನೆ ತಲೆಕೆಳಗು.

ಕೋಡ್‌ನಲ್ಲಿ ಒಂದು ಮೈನಸ್ ಹಾಕಿ ಮುಗಿಸಬೇಡಿ. ಮೊದಲು ತಪ್ಪು ಎಲ್ಲಿದೆ ನೋಡಿ. ಕಾಯಿಲ್ ಒಂದೊಂದನ್ನೇ ಪ್ಲಸ್ ಕಡೆಗೆ ಆನ್ ಮಾಡಿ. ಅದರ ಅಕ್ಷ ಪೂರ್ವ-ಪಶ್ಚಿಮ ಇರಲಿ. ಕಾಯಿಲ್ ನಡುವಿನಿಂದ ಅಕ್ಷದ ಮೇಲೆ 10 ಸೆಂ.ಮೀ. ದೂರದಲ್ಲಿ ದಿಕ್ಸೂಚಿ ಇಡಿ. ಮುಳ್ಳಿನ ಉತ್ತರದ ತುದಿ ಕಾಯಿಲ್‌ನ ಪ್ಲಸ್ ದಿಕ್ಕಿಗೆ 14 ಡಿಗ್ರಿಯಷ್ಟು ವಾಲಬೇಕು. ಆಮೇಲೆ ಕಾಯಿಲ್ ಆಫ್ ಮಾಡಿ ಮ್ಯಾಗ್ನೆಟೋಮೀಟರ್ ನೋಡಿ. ಉಪಗ್ರಹದ ಪ್ಲಸ್ ಎಕ್ಸ್ ಮುಖ ಉತ್ತರಕ್ಕೆ ತಿರುಗಿಸಿದರೆ ಎಕ್ಸ್ ಅಳತೆ ಪ್ಲಸ್ 40 ಮೈಕ್ರೋಟೆಸ್ಲಾ ಹತ್ತಿರ ಬರಬೇಕು. ವೈ, ಝಡ್ ಕೂಡ ಹಾಗೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 1999ರ ಮೇ ತಿಂಗಳಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಟೆರಿಯರ್ಸ್ ಎಂಬ ಉಪಗ್ರಹ ಹಾರಿತು. ಕಕ್ಷೆ ಸೇರಿತು, ಸಂಕೇತವೂ ಬಂತು. ಟಾರ್ಕ್ ಕಾಯಿಲ್‌ನ ಚಿಹ್ನೆ ತಪ್ಪಿತ್ತು. ಸೌರಫಲಕ ಸೂರ್ಯನ ಕಡೆ ತಿರುಗಲೇ ಇಲ್ಲ. ಬ್ಯಾಟರಿ ಬರಿದಾಯಿತು. ವರ್ಷಗಟ್ಟಲೆ ದುಡಿದ ವಿದ್ಯಾರ್ಥಿಗಳು ಅಲ್ಲಿಯೂ ಇದ್ದರು. ಒಂದು ದಿಕ್ಸೂಚಿಯ ಕೆಲಸ ಇದು. ನೀವು ನೆಲದಲ್ಲೇ ಹಿಡಿದಿದ್ದೀರಿ.

ಕಾಯಿಲ್ ಹುಡುಗಿ · ಶುಕ್ರವಾರ, ಸಂಜೆ 6:10

ಸರ್, ಸಿಕ್ಕಿತು!

ಕಾಯಿಲ್ ಮೂರೂ ಸರಿ ಇವೆ. ಮುಳ್ಳು ನೀವು ಹೇಳಿದ ಕಡೆಗೇ ವಾಲಿತು, 13 ಡಿಗ್ರಿ. ಎಕ್ಸ್ ಅಳತೆ ಪ್ಲಸ್ 39. ಆದರೆ ಪ್ಲಸ್ ವೈ ಮುಖ ಉತ್ತರಕ್ಕೆ ತಿರುಗಿಸಿದರೆ ಮೈನಸ್ 40! ಬೋರ್ಡ್ ಬಿಚ್ಚಿ ನೋಡಿದೆವು. ಜಾಗ ಸಾಲದೆ ನಾವೇ ಮ್ಯಾಗ್ನೆಟೋಮೀಟರ್ ಚಿಪ್ ಅನ್ನು ಬೋರ್ಡ್‌ನ ಕೆಳಮುಖಕ್ಕೆ ಬೆಸುಗೆ ಹಾಕಿದ್ದೆವು. ಕೋಡ್ ಬರೆದದ್ದು ಅದಕ್ಕೂ ಎರಡು ತಿಂಗಳು ಮುಂಚೆ.

ಕೋಡ್ ಗುಬ್ಬಚ್ಚಿ · ಶುಕ್ರವಾರ, ಸಂಜೆ 6:25

ವೈಗೆ ಒಂದು ಮೈನಸ್ ಹಾಕಿದರೆ ಆಯ್ತಲ್ಲ?

ಪೀಣ್ಯದ ಹಳಬ · ಶುಕ್ರವಾರ, ಸಂಜೆ 7:00

ನಿಲ್ಲಿ. ಚಿಪ್ ಮಗುಚಿದೆ ಅಂದರೆ ಎರಡು ಅಕ್ಷ ಒಟ್ಟಿಗೆ ಮಗುಚಿರಬೇಕು. ರೊಟ್ಟಿ ಮಗುಚಿದಾಗ ಮೇಲ್ಮುಖ ಕೆಳಗೆ ಹೋಗುತ್ತದೆ, ಎಡಗಡೆ ಇದ್ದದ್ದು ಬಲಕ್ಕೂ ಬರುತ್ತದೆ, ಅಲ್ವಾ? ಹಾಗೇ ವೈ ಜೊತೆ ಝಡ್ ಕೂಡ ಉಲ್ಟಾ ಇದೆ. ತೂಗು ಪರೀಕ್ಷೆಯಲ್ಲಿ ಝಡ್ ಕೆಲಸ ಮಾಡದ ಕಾರಣ ಅದು ಕಾಣಲಿಲ್ಲ. ವೈ ಒಂದನ್ನೇ ತಿದ್ದಿದರೆ ಇಲ್ಲಿ ಚೆಂದ ನಿಲ್ಲುತ್ತದೆ, ಮೇಲೆ ಹೋಗಿ ಝಡ್ ತಳ್ಳಲು ಶುರು ಮಾಡುತ್ತದೆ. ಒಂದೇ ಚಿಹ್ನೆ ತಲೆಕೆಳಗಾಗಿದ್ದರೆ ಅದು ಕಾಯಿಲ್ ತಂತಿ ಅದಲುಬದಲು. ಎರಡು ಆಗಿದ್ದರೆ ಸೆನ್ಸರ್ ಮಗುಚಿದ್ದು. ಝಡ್ ಮುಖ ಉತ್ತರಕ್ಕೆ ತಿರುಗಿಸಿ ನೋಡಿದಿರಾ?

ಕಾಯಿಲ್ ಹುಡುಗಿ · ಶುಕ್ರವಾರ, ಸಂಜೆ 7:40

ಮೈನಸ್ 38 ಸರ್. ಇದನ್ನು ನಾವು ಖಂಡಿತ ಬಿಟ್ಟುಬಿಡುತ್ತಿದ್ದೆವು.

ವಿಜ್ಞಾನ ಮೇಷ್ಟ್ರು · ಶುಕ್ರವಾರ, ರಾತ್ರಿ 8:15

ಕಾದಂಬರಿ ಓದಿದ ಹಾಗೆ ಓದುತ್ತಿದ್ದೇನೆ. ಒಂದು ಕೇಳಲೇ? ಎರಡೂವರೆ ನಿಮಿಷಕ್ಕೆ ನಿಲ್ಲಬೇಕು ಎಂದರಿ. ಮೇಲೆ ನಿಜವಾಗಿ ಎಷ್ಟು ಹೊತ್ತು?

ಪೀಣ್ಯದ ಹಳಬ · ಶುಕ್ರವಾರ, ರಾತ್ರಿ 9:30

ಒಳ್ಳೆಯ ಪ್ರಶ್ನೆ. ಗಂಟೆಗಟ್ಟಲೆ ಹಿಡಿಯುತ್ತದೆ. ಕಾರಣ ಈ ವಿದ್ಯೆಯ ಹೃದಯದಲ್ಲೇ ಇದೆ.

ದಿಕ್ಸೂಚಿಯ ಮುಳ್ಳು ಉತ್ತರ-ದಕ್ಷಿಣ ನಿಂತಿರುವಾಗ ಅದನ್ನು ಲಟ್ಟಣಿಗೆ ಹಾಗೆ ತನ್ನದೇ ಉದ್ದದ ಸುತ್ತ ಉರುಳಿಸಿ. ಕ್ಷೇತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ತಡೆಯುವುದೂ ಇಲ್ಲ, ಸಹಾಯ ಮಾಡುವುದೂ ಇಲ್ಲ. ಉಪಗ್ರಹಕ್ಕೂ ಅಷ್ಟೇ. ಮೂರು ಕಾಯಿಲ್ ಇದ್ದರೂ ಯಾವ ಕ್ಷಣದಲ್ಲಿ ನೋಡಿದರೂ ಎರಡು ಅಕ್ಷದ ಸುತ್ತ ಮಾತ್ರ ಹಿಡಿತ. ಕ್ಷೇತ್ರದ ಗೆರೆಯ ಸುತ್ತ ಉರುಳುವುದನ್ನು ಆ ಕ್ಷಣಕ್ಕೆ ಏನೂ ಮಾಡಲಾಗದು.

ಆದರೆ ಕಾದರೆ ಆಗುತ್ತದೆ. ಉಪಗ್ರಹ ಸಮಭಾಜಕದ ಮೇಲಿದ್ದಾಗ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿರುತ್ತದೆ, ಧ್ರುವದ ಮೇಲೆ ನೆಟ್ಟಗೆ ಕೆಳಕ್ಕೋ ಮೇಲಕ್ಕೋ. ಸುಮಾರು 95 ನಿಮಿಷದ ಪ್ರದಕ್ಷಿಣೆಯಲ್ಲಿ ಈಗ ಸಿಗದ ಅಕ್ಷ ಇನ್ನು ಇಪ್ಪತ್ತೈದು ನಿಮಿಷಕ್ಕೆ ಸಿಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಕೊರತೆ ಅಂತಲೇ ಅನಿಸುತ್ತಿತ್ತು. ಈಗ ಹಾಗನಿಸಲ್ಲ. ಕ್ಷೇತ್ರ ತಿರುಗಿ ಬರುವ ಹೊತ್ತನ್ನು ಲೆಕ್ಕಕ್ಕೆ ಹಿಡಿದು ಕೆಲಸ ಹಂಚಿದರೆ ಮೂರು ತುಂಡು ತಂತಿ ಕೆಲವೇ ಡಿಗ್ರಿ ತಪ್ಪಿನೊಳಗೆ ಉಪಗ್ರಹವನ್ನು ಹಿಡಿದು ನಿಲ್ಲಿಸುತ್ತವೆ. ಇಂಧನ ಬೇಡ, ಸವೆಯುವ ಬೇರಿಂಗ್ ಇಲ್ಲ.

ಇದೇ ಕಾರಣಕ್ಕೆ ಯಾವ ಕಕ್ಷೆ ಎಂದು ಮೊದಲೇ ಕೇಳಿಕೊಳ್ಳಿ. ಸಮಭಾಜಕದ ಮೇಲೇ ಸುತ್ತುವ ಕಕ್ಷೆ ಸಿಕ್ಕರೆ ಕ್ಷೇತ್ರ ಸದಾ ಉತ್ತರಕ್ಕೇ ಇರುತ್ತದೆ. ಒಂದು ಅಕ್ಷ ಕೈಗೆ ಸಿಗುವುದೇ ಕಷ್ಟ. ಧ್ರುವ ಕಕ್ಷೆ ನಿಮಗೆ ವರ.

ಜರ್ಮನಿ ಕನ್ನಡಿಗ · ಶುಕ್ರವಾರ, ರಾತ್ರಿ 10:20

ಎರಡು ವಿಷಯ ಸೇರಿಸುತ್ತೇನೆ. ಕಾಯಿಲ್ ಆನ್ ಇರುವಾಗ ಮ್ಯಾಗ್ನೆಟೋಮೀಟರ್ ಓದಬೇಡಿ, ಅದು ಕಾಯಿಲ್‌ನ ಕ್ಷೇತ್ರವನ್ನೇ ಓದುತ್ತದೆ. ಆಫ್ ಮಾಡಿ, ಚೂರು ಕಾದು, ಓದಿ, ಮತ್ತೆ ಆನ್.

ಇನ್ನೊಂದು ಬ್ಯಾಟರಿ. ಸೆಲ್ ಜೋಡಿಸುವ ನಿಕಲ್ ಪಟ್ಟಿ ತಾನೇ ಕಾಂತಲೋಹ. ಸೌರಫಲಕದ ತಂತಿ ದೊಡ್ಡ ಸುತ್ತು ಹಾಕಿಕೊಂಡು ಬಂದರೆ ಅದೂ ಒಂದು ಕಾಯಿಲ್ಲೇ. ಪ್ಲಸ್ ಮೈನಸ್ ತಂತಿಗಳನ್ನು ಜಡೆ ಹೆಣೆದ ಹಾಗೆ ಹೊಸೆದು ಎಳೆಯಿರಿ. 1960ರ ಏಪ್ರಿಲ್‌ನಲ್ಲಿ ಹಾರಿದ ಹವಾಮಾನ ಉಪಗ್ರಹ ಟೈರೋಸ್-1ರ ಅಕ್ಷ ಯಾರೂ ಎಣಿಸದ ಹಾಗೆ ಜರುಗತೊಡಗಿತು. ಒಳಗಿನ ಕರೆಂಟುಗಳೇ ಅದನ್ನು ಆಯಸ್ಕಾಂತ ಮಾಡಿದ್ದವು. ಆ ತಂಡ ಅದರಿಂದಲೇ ಕಲಿತು, ಅದೇ ನವೆಂಬರ್‌ನಲ್ಲಿ ಹೋದ ಟೈರೋಸ್-2ಕ್ಕೆ ಬೇಕೆಂದೇ ಕಾಯಿಲ್ ಸುತ್ತಿತು.

ಕಾಯಿಲ್ ಹುಡುಗಿ · ಭಾನುವಾರ, ರಾತ್ರಿ 8:55

ವೈ, ಝಡ್ ಎರಡೂ ತಿದ್ದಿದೆವು. ಇವತ್ತು ಮಧ್ಯಾಹ್ನ ಗ್ರಂಥಾಲಯದ ಹಜಾರದಲ್ಲಿ ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಏಳೂ ಜನ ಉಸಿರು ಬಿಗಿಹಿಡಿದು ಕೂತೆವು. 10 ಡಿಗ್ರಿಯಿಂದ ಶುರು. ಒಂದು ನಿಮಿಷಕ್ಕೆ 7. ಮೂರು ನಿಮಿಷಕ್ಕೆ 3. ಆರನೇ ನಿಮಿಷಕ್ಕೆ ಒಂದು ಡಿಗ್ರಿಗಿಂತ ಕಡಿಮೆ. ಗ್ರಾಫ್‌ನಲ್ಲಿ ಅಲೆ ಇಲ್ಲ, ನಯವಾದ ಇಳಿಜಾರು. ಮಾದರಿಯ ಮೇಲೆ ಅಂಟಿಸಿದ್ದ ಕೆಂಪು ಟೇಪ್ ಕಿಟಕಿಯ ಕಡೆ ಮುಖ ಮಾಡಿ ನಿಂತೇಬಿಟ್ಟಿತು. ನಮ್ಮ ಜೊತೆಗಾರನೊಬ್ಬ ಅತ್ತುಬಿಟ್ಟ.

ಸಾಸಿವೆ ಕಾಳಿನಷ್ಟು ಬಲ ಕಣ್ಣಾರೆ ನೋಡಿದೆವು ಸರ್.

ರೇಷ್ಮೆ ಊರಿನವಳು · ಭಾನುವಾರ, ರಾತ್ರಿ 9:10

ಓದಿ ಮನೆಯಲ್ಲಿ ಎಲ್ಲರಿಗೂ ಹೇಳಿದೆ ತಂಗಿ. ಅಪ್ಪನಿಗೆ ಬಹಳ ಖುಷಿ. ಇನ್ನೊಂದು ಲಡಿ ಬೇಕಾ?

ಪೀಣ್ಯದ ಹಳಬ · ಭಾನುವಾರ, ರಾತ್ರಿ 9:45

ಕಣ್ಣು ತುಂಬಿತಮ್ಮಾ. ಈಗ ಮಾದರಿಯನ್ನು ಅಡ್ಡ ಮಲಗಿಸಿ ತೂಗು ಹಾಕಿ, ಝಡ್ ಕಾಯಿಲ್ ಕೂಡ ಬ್ರೇಕ್ ಹಿಡಿಯುವುದನ್ನು ನೋಡಿ. ಎಕ್ಸ್ ಮೇಲಕ್ಕೆ ಒಂದು ಸಲ, ವೈ ಮೇಲಕ್ಕೆ ಒಂದು ಸಲ. ಬೋರ್ಡ್ ಪ್ರತಿ ಸಲ ಬಿಚ್ಚಿ ಕೂಡಿಸಿದಾಗಲೂ ದಿಕ್ಸೂಚಿ ಪರೀಕ್ಷೆ ಮತ್ತೆ ಮಾಡಿ, ನಿನ್ನೆ ಸರಿ ಇತ್ತು ಅಂತ ಬಿಡಬೇಡಿ.

ಕಾಯಿಲ್ ಹುಡುಗಿ · ಭಾನುವಾರ, ರಾತ್ರಿ 10:00

ದಿಕ್ಸೂಚಿಗೆ ದಾರ ಕಟ್ಟಿ ಉಪಗ್ರಹದ ಪೆಟ್ಟಿಗೆಗೇ ನೇತು ಹಾಕಿದ್ದೇವೆ ಸರ್. ಅಕ್ಕಾ, ಒಂದು ಲಡಿ ಬೇಕು. ನಾಳೆ ಅಡ್ಡ ಮಲಗಿಸುತ್ತೇವೆ.